ಎರಡು ಸಲ ಕರಗಿಸಿದ ಕೊಡ

ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಯಚೂರಿನ ಒಂದು ಸಣ್ಣ ಪ್ಲಾಸ್ಟಿಕ್ ಕೊಡದ ಕಾರ್ಖಾನೆಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದೆ. ಡಿಪ್ಲೊಮಾ ಮುಗಿಸಿ ವರ್ಷವಾಗಿರಲಿಲ್ಲ. ಹಳೆಯ ಕೊಡಗಳ ಪ್ಲಾಸ್ಟಿಕ್ಕಿಗೆ ಗೊಬ್ಬರದ ಚೀಲದ ಚೂರನ್ನೂ ಬೆರೆಸಬಹುದೆಂದು ಮಾಲೀಕರಿಗೆ ಹೇಳಿದವನು ನಾನೇ.

ಒಂದು ಮಧ್ಯಾಹ್ನ ಗಬ್ಬೂರಿನಿಂದ ಬಸ್ಸು ಹತ್ತಿ ಒಬ್ಬ ಮುದುಕಿ ಬಂದಳು. ಕಂಕುಳಲ್ಲಿ ಸೀಳಿದ ಕೊಡ.

"ಇದನ್ನ ಮಾಡಿದವ ಯಾರಪಾ? ನನ್ನ ಸೊಸಿ ತಲಿಮ್ಯಾಲೇ ಒಡೀತು. ಜಾರಿ ಬಿದ್ಲು. ಬಸರಿ ಅದಾಳ ಅಕಿ."

ನಾನು ಎದ್ದು ಕೊಡವನ್ನು ಕೈಗೆ ತೆಗೆದುಕೊಂಡೆ. "ನಾನೇ ಯವ್ವಾ. ಈಗ ಹ್ಯಾಂಗದಾಳ?"

"ಶಿವ ಕಾಯ್ದ, ಏನೂ ಆಗಿಲ್ಲ. ಮತ್ತೊಬ್ಬರಿಗೆ ಹಿಂಗ ಆಗಬಾರ್ದಂತ ಹೇಳಾಕ ಬಂದೀನಿ."

ಮಾಲೀಕರು ಅಂದೇ ಮಾನ್ವಿ, ದೇವದುರ್ಗದ ಅಂಗಡಿಗಳಿಂದ ಮಾಲು ವಾಪಸ್ ತರಿಸಿದರು. ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಸೀಳಿದ ಅಂಚನ್ನು ಉಗುರಿನಿಂದ ಕೆದರಿದೆ. ಈರುಳ್ಳಿಯಂತೆ ಪದರ ಪದರವಾಗಿ ಎದ್ದು ಬಂತು. ಚೀಲದ ಪ್ಲಾಸ್ಟಿಕ್ ಬೇರೆ, ಕೊಡದ್ದು ಬೇರೆ. ಎರಡೂ ಕರಗಿದ್ದವು, ಬೆರೆತಿರಲಿಲ್ಲ.

ಚೂರು ಆರಿಸುವ ಕೆಲಸದಾಕೆ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಸರ, ಆವತ್ತು ಇದೇ ಮಾಲಿನಾಗ ಸೊಟ್ಟ ಬಂದ ಕೊಡ ಕತ್ತರಿಸಿ, ಮತ್ತ ಕರಗಿಸಿ ಮಾಡಿದ್ರಲ್ಲ? ಅದ್ರಾಗಿನ ಒಂದು ನಮ್ಮ ಮನ್ಯಾಗ ಅದ. ಎಷ್ಟು ಸಲ ಕೈಜಾರಿ ಬಿದ್ರೂ ಒಡದಿಲ್ಲರೀ."

ನನಗೆ ತಟ್ಟನೆ ಹೊಳೆಯಿತು. ಹೊಂದದ ಎರಡು ಪ್ಲಾಸ್ಟಿಕ್ಕುಗಳಿಗೆ ಒಂದೇ ಸಲದ ಕಲಸುವಿಕೆ ಸಾಲದು. ಮಷಿನ್ನಿನೊಳಗಿನ ಕಲಸುವ ದೊಡ್ಡ ತಿರುಪು ಎರಡನೇ ಸಲ ಅರೆದಾಗ ಒಂದರ ಹನಿಗಳು ಸಣ್ಣಗಾಗಿ ಇನ್ನೊಂದರೊಳಗೆ ಹರಡಿರಬೇಕು. ನಾನು ಮಾಲು ಬೇಗ ಬರಲೆಂದು ಮಷಿನ್ ಜೋರಾಗಿ ಓಡಿಸಿದ್ದೆ, ಸುಟ್ಟೀತೆಂದು ಶಾಖ ಕಡಿಮೆ ಇಟ್ಟಿದ್ದೆ.

ಮರುದಿನ ಶಾಖ ಸ್ವಲ್ಪ ಏರಿಸಿ, ನಿಧಾನವಾಗಿ ಎರಡು ಸಲ ಕರಗಿಸಿ ಕಾಳು ಮಾಡಿ, ಆ ಕಾಳಿನಿಂದ ಅಚ್ಚಿನೊಳಗೆ ಗಾಳಿ ತುಂಬಿ ಕೊಡ ಊದಿಸಿದೆವು. ಮಾಲೀಕರೇ ನೀರು ತುಂಬಿದ ಕೊಡ ಹಿಡಿದು ಏಣಿ ಹತ್ತಿದರು.

"ಬಿಡ್ಲೇನು?"

"ಬಿಡ್ರಿ!" ಎಂದಳು ಚೂರು ಆರಿಸುವಾಕೆ.

ಕೊಡ ದಬ್ಬೆಂದು ಬಿತ್ತು, ಪುಟಿಯಿತು, ನಮ್ಮೆಲ್ಲರ ಮೇಲೆ ನೀರು ಚೆಲ್ಲಿತು. ಒಡೆಯಲಿಲ್ಲ. ಎಂಟು ಕೊಡ ಬೀಳಿಸಿದೆವು, ಒಂದೂ ಸೀಳಲಿಲ್ಲ. ಒಂದನ್ನು ಕೊಯ್ದು ಅಂಚು ಕೆದರಿದೆ, ಪದರ ಏಳಲಿಲ್ಲ.

"ಇನ್ಮ್ಯಾಲೆ ಈಕಿ ಹೂಂ ಅಂದ್ರನ ಮಾಲು ಹೊರಗ ಹೋಗ್ಬೇಕು ನೋಡಪಾ," ಎಂದರು ಮಾಲೀಕರು, ಒದ್ದೆ ಧೋತರ ಹಿಂಡುತ್ತಾ.

ಹಿಂದಿನ ದಿನದಿಂದ ನನಗೆ ಅನ್ನ ಸೇರಿರಲಿಲ್ಲ. ಅವಳು ಬುತ್ತಿ ಬಿಚ್ಚಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ತೊಯ್ದ ಅಂಗಿಯಲ್ಲೇ ಬೇವಿನ ಮರದ ಕೆಳಗೆ ಕೂತು ಅಷ್ಟನ್ನೂ ತಿಂದೆ.