ನಲವತ್ತನೆಯವಳು

ಆಗ ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಎಣಿಸದೆ ಬಿಟ್ಟದ್ದು ಏನೂ ಇರಲಿಲ್ಲ. ಮೆಟ್ಟಿಲು, ಕೆಂಪು ಕಾರು, ಅಜ್ಜಿ ಲಟ್ಟಿಸಿದ ಚಪಾತಿ, ಎಲ್ಲವೂ ತಾರೀಖಿನ ಸಮೇತ ಡೈರಿಗೆ ಹೋಗುತ್ತಿದ್ದವು. ನನಗೆ ಹತ್ತು ವರ್ಷ.

ಪಕ್ಕದ ಮನೆಯ ಗೆಳತಿ ಮರಿಯಮ್‌ಳ ಕುಟುಂಬದವರು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು. ಸೆಪ್ಟೆಂಬರ್ ಹನ್ನೊಂದು ಅವರ ಹೊಸ ವರ್ಷ, ಹುತಾತ್ಮರ ಹಬ್ಬವೂ ಹೌದು. ಆ ವರ್ಷ ಚರ್ಚಿನ ನಾಟಕದಲ್ಲಿ ಅವಳೇ ಸಂತ ದಮಿಯಾನಾ. ರೋಮಿನ ಚಕ್ರವರ್ತಿಯ ಅಪ್ಪಣೆಗೆ ಹೆದರದೆ, ವಿಗ್ರಹಕ್ಕೆ ತಲೆಬಾಗದೆ, ನಲವತ್ತು ಗೆಳತಿಯರೊಂದಿಗೆ ಪ್ರಾಣ ಕೊಟ್ಟವಳು.

ತಾಲೀಮು ನೋಡಲು ಹೋದ ನಾನು ಅಭ್ಯಾಸದಂತೆ ಎಣಿಸಿದೆ.

"ಮೂವತ್ತೊಂಬತ್ತೇ ಜನ ಇದ್ದಾರೆ."

"ನಲವತ್ತು. ನನ್ನನ್ನೂ ಸೇರಿಸು," ಎಂದಳು ಮರಿಯಮ್.

"ನೀನು ದಮಿಯಾನಾ. ನೀನು ಬೇರೆ, ನಲವತ್ತು ಬೇರೆ."

ಗೋಡೆಯ ಚಿತ್ರಪಟದಲ್ಲಿ ದಮಿಯಾನಾಳ ಸುತ್ತ ನಿಂತ ಪುಟ್ಟ ಮುಖಗಳನ್ನು ಬೆರಳಿಟ್ಟು ಎಣಿಸಿದೆವು. ಅವಳನ್ನು ಬಿಟ್ಟು ನಲವತ್ತು. ಹಬ್ಬಕ್ಕೆ ಎರಡೇ ದಿನ. ಚರ್ಚಿನಲ್ಲಿ ಇನ್ನೊಬ್ಬ ಹುಡುಗಿಯಿಲ್ಲ.

"ಒಬ್ಬಳನ್ನು ಬಿಟ್ಟು ಹೇಗೆ ಆಡೋದು? ಅವಳೂ ಸತ್ತಿದ್ದಾಳಲ್ಲ!" ಮರಿಯಮ್ ಅತ್ತೇಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು, "ನೀನು ಬಾ."

ಅಮ್ಮ ಹಿಂದೇಟು ಹಾಕಿದಳು. "ವಿಗ್ರಹಕ್ಕೆ ಕೈ ಮುಗಿಯಲ್ಲ ಅನ್ನೋ ಪಾರ್ಟು. ನಮ್ಮನೇಲಿ ದೇವರ ಮಂಟಪ ಇಟ್ಕೊಂಡು..."

ಧಾರವಾಡದ ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತಲಿಲ್ಲ. "ಹೆದರಿಸಿ ಕೈ ಮುಗಿಸಿದ್ರ ಅದು ಭಕ್ತಿ ಏನು? ಹೋಗವಾ ತಂಗಿ. ಗಟ್ಟಿಯಾಗಿ ಒಲ್ಲೆ ಅನ್ನು."

ಹಬ್ಬದ ದಿನ ಸಾಂಬ್ರಾಣಿಯ ಹೊಗೆ, ಬಿಳಿ ನಿಲುವಂಗಿ, ತಲೆ ಮೇಲೆ ಕಾಗದದ ಕಿರೀಟ. "ತಲೆ ಬಾಗಿಸಿ!" ಎಂದು ಸೈನಿಕ ಅಬ್ಬರಿಸಿದ. ಮೂವತ್ತೊಂಬತ್ತು ಬಾಯಿಗಳು "ನೋ!" ಎಂದವು. ನನ್ನ ಬಾಯಿಂದ ಎಲ್ಲಕ್ಕಿಂತ ಜೋರಾಗಿ ಬಂದದ್ದು "ಒಲ್ಲೆ!"

ಸೈನಿಕನ ಕೈಯಿಂದ ರಟ್ಟಿನ ಕತ್ತಿ ಜಾರಿತು. ಹಿಂದಿನ ಸಾಲಿನಲ್ಲಿ ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಆಮೇಲೆ ಚರ್ಚಿಗೆ ಚರ್ಚೇ ಎದ್ದು ನಿಂತಿತು.

ಕೆಂಪು ಹಸಿ ಖರ್ಜೂರ ಹಂಚುತ್ತಾ ಮರಿಯಮ್‌ಳ ತಾಯಿ ಹೇಳಿದರು: ಹೊರಗಿನ ಕೆಂಪು ಹುತಾತ್ಮರ ರಕ್ತ, ಒಳಗಿನ ಬಿಳಿ ಅವರ ಮನಸ್ಸು, ಬೀಜ ಅವರ ನಂಬಿಕೆ. ಅಜ್ಜಿ ಬೀಜ ಕಚ್ಚಿ ನೋಡಿ, "ಖರೇನ, ಭಾಳ ಗಟ್ಟಿ ಅದ," ಎಂದಳು.

ಈಗ ಅಜ್ಜಿ ಇಲ್ಲ. ಮರಿಯಮ್ ಬೇರೆ ರಾಜ್ಯದಲ್ಲಿದ್ದಾಳೆ. ನಾನು ಮೀಟಿಂಗುಗಳಲ್ಲಿ ಹೂಂ ಎಂದು ತಲೆಯಾಡಿಸುತ್ತೇನೆ. ಅಂದಿನಿಂದ ಎಷ್ಟು ಸಲ ಗಟ್ಟಿಯಾಗಿ ಒಲ್ಲೆ ಅಂದಿದ್ದೇನೆಂದು ಮೊನ್ನೆ ಡೈರಿಗಳನ್ನೆಲ್ಲ ತಿರುವಿದೆ. ಎರಡೇ ಸಲ. ಆದರೆ ಆ ಸೆಪ್ಟೆಂಬರ್ ಹನ್ನೊಂದರ ಪುಟ, ಖರ್ಜೂರದ ಅಂಟಿನ ಸಮೇತ, ಹಾಗೇ ಇದೆ:

"ಖರ್ಜೂರ, ಏಳು. ಒಲ್ಲೆ, ಒಂದು. ಗೆಳತಿಯರು, ನಲವತ್ತು. ಪೂರ್ತಿ."