ಮಾವನ ಸ್ವೆಟರಿನ ತೋಳು

ಬೀರುವಿನ ಕೆಳಗಿನ ಖಾನೆ ತೆಗೆದರೆ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತದೆ. ನನಗೆ ಆ ವಾಸನೆ ಬಲು ಇಷ್ಟ, ಯಾರಿಗೂ ಹೇಳಬೇಡಿ. ಮೊನ್ನೆ ಮಗಳು ಮಂಜುಳ ತನ್ನ ಕೂಸಿಗೆ ಬೆಚ್ಚಗೆ ಏನಾದರೂ ಸಿಗುತ್ತದಾ ಎಂದು ಆ ಖಾನೆಗೆ ಕೈಹಾಕಿದವಳು, ಮೆರೂನ್ ಉಣ್ಣೆಯ ಒಂದು ಕೊಳವೆಯನ್ನು ಎತ್ತಿ ಹಿಡಿದು, "ಅಮ್ಮಾ, ಪಾದಾನೇ ಇಲ್ಲದ ಇದೆಂಥ ಕಾಲ್ಚೀಲ?" ಅಂದಳು.

"ಅದು ನಿಂದೇ ಕಣೇ. ನಿಮ್ಮ ತಾತನ ತೋಳು."

ಅವಳು ಅದನ್ನು ತಟ್ಟನೆ ಕೆಳಗೆ ಹಾಕಿದಳು. ನಾನು ಯಾವಾಗಲೂ ಅರ್ಧ ಮಾತಾಡಿ ಜನರನ್ನು ಹೆದರಿಸುತ್ತೇನೆ ಎಂದು ಮನೆಯವರ ದೂರು. ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ಚಾಮರಾಜನಗರದಲ್ಲಿ ಹುಟ್ಟಿ ಬೆಳೆದ ನನ್ನನ್ನು ಕೊಟ್ಟದ್ದು ಗುಂಡ್ಲುಪೇಟೆ ಬಳಿಯ ಹಂಗಳ ಎಂಬ ಹಳ್ಳಿಗೆ. ಧನುರ್ಮಾಸದಲ್ಲಿ ಅಲ್ಲಿ ಬೆಟ್ಟದ ಕಡೆಯಿಂದ ಇಳಿದ ಮಂಜು, ಬಂದ ನೆಂಟರ ಹಾಗೆ, ಬಿಸಿಲೇರಿದರೂ ಹಿತ್ತಲು ಬಿಟ್ಟು ಏಳುತ್ತಿರಲಿಲ್ಲ. ಮಂಜುಳ ಅಂಬೆಗಾಲಿಡಲು ಕಲಿತದ್ದೂ ಸರಿಯಾಗಿ ಅದೇ ತಿಂಗಳಲ್ಲಿ. ನೆಲವೆಲ್ಲ ಕಲ್ಲು ಚಪ್ಪಡಿ. ಪ್ಯಾಂಟು ಹಾಕಿದರೆ ಹಾಕಿದಷ್ಟು ಬೇಗ ಒದ್ದೆ, ಒಗೆದದ್ದು ಒಣಗುವುದಿಲ್ಲ. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಒಣಗಿಸಿ, ಹೊಗೆ ವಾಸನೆ ಬರುವ ಪ್ಯಾಂಟನ್ನು ತೊಡಿಸುವಷ್ಟರಲ್ಲಿ ಮತ್ತೆ ಒದ್ದೆ. ಕಡೆಗೆ ಪ್ಯಾಂಟಿಲ್ಲದೆಯೇ ಬಿಟ್ಟೆವು. ಮೊಣಕಾಲು ತಣ್ಣಗೆ ಕೊರೆದು ಮಗುವಿಗೆ ಕೆಮ್ಮು ಹತ್ತಿತು.

ಅತ್ತೆ ತೀರ್ಮಾನ ಕೊಟ್ಟೇಬಿಟ್ಟರು: "ಚಳಿ ಓಗಗಂಟ ಕೂಸು ತೊಟ್ಟಿಲಲ್ಲೇ ಇರ್ಲಿ ಕಣವ್ವ."

ಹರಿದಾಡಲು ಕಲಿತ ಮಗುವನ್ನು ತೊಟ್ಟಿಲಿಗೆ ಹಾಕಿದರೆ ಕೇಳಬೇಕೆ? ಬೀದಿ ಕಡೆಯವರೆಲ್ಲ ಬಂದು ವಿಚಾರಿಸಿಕೊಂಡು ಹೋಗುವ ಹಾಗೆ ಕಿರುಚಿದಳು. ಮಾವ ಒಳಗೆ ಬಂದರೆ ಅವರ ಹಿಂದೆ ಹೋಗಬೇಕೆಂದು ಅವಳ ಹಟ. ಅವರೋ, ಕಡಿಮೆ ಮಾತಿನ ಮನುಷ್ಯ. ತೊಟ್ಟಿಲ ಹತ್ತಿರ ನಿಂತು ನೋಡಿ, ತುಟಿ ಬಿಗಿದುಕೊಂಡು ಚೆಂಡುಹೂವಿನ ಹೊಲಕ್ಕೆ ಹೋಗಿಬಿಡುತ್ತಿದ್ದರು. ನನಗೂ ಅಳು ಬರುತ್ತಿತ್ತು.

ಗುಂಡ್ಲುಪೇಟೆಯಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದವರು ಶಾಹಿದಾ ಆಪಾ. ಅಳತೆ ಕೊಡಲು ಹೋದವಳು ರವಿಕೆ ಮರೆತು ಪ್ಯಾಂಟಿನ ಗೋಳು ಹೇಳಿಕೊಂಡೆ. ಅವರು ಮೆಷಿನ್ನಿನಿಂದ ಕಾಲು ತೆಗೆಯದೆಯೇ ನಕ್ಕರು.

"ಪ್ಯಾಂಟು ಯಾಕೆ ಬೇಟಾ? ಒಂದು ಹಳೇ ಸ್ವೆಟ್ರು ತೋಳು ತನ್ನಿ. ಎರಡು ತೋಳು, ಎರಡು ಕಾಲು. ಮುಂಗೈ ಪಟ್ಟಿ ಪಾದದ ಹತ್ರ ಬರ್ತದೆ, ತೊಡೆ ಹತ್ರ ಮಡಚಿ ಎಲಾಸ್ಟಿಕ್ ಹಾಕಿದ್ರೆ ಮುಗೀತು. ಲಂಗೋಟಿ ಎಷ್ಟು ಸಲ ಬೇಕಾದ್ರೂ ಬದ್ಲಾಯ್ಸಿ, ಕಾಲು ಬೆಚ್ಚಗೇ ಇರ್ತದೆ. ಆದ್ರೆ ಉಣ್ಣೆ ನೋಡಿ, ಮೊದ್ಲು ಹೊಲಿಗೆ, ಆಮೇಲೆ ಕತ್ತರಿ. ಇಲ್ದಿದ್ರೆ ಬಿಚ್ಕೊಂಡು ಹೋಯ್ತದೆ."

ಖುಷಿಯಿಂದ ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ, ಆ ಕಡೆಯ ಮಾತೊಂದನ್ನು ಬಿಟ್ಟು. ಮನೆಯಲ್ಲಿದ್ದದ್ದು ಒಂದೇ ಸ್ವೆಟರು, ಮಾವ ಊಟಿಯಿಂದ ತಂದದ್ದು, ಮೆರೂನ್ ಬಣ್ಣದ್ದು. ಅದನ್ನು ಕೇಳುವ ಧೈರ್ಯ ಯಾರಿಗಿದೆ? ನಾವು ಅಡುಗೆಮನೆಯಲ್ಲಿ ಗುಸುಗುಸು ಮಾಡಿ ಸುಮ್ಮನಾದೆವು. ಜಗಲಿಯಲ್ಲಿ ಕೂತ ಮಾವನಿಗೆ ಎಲ್ಲ ಕೇಳಿಸುತ್ತಿದೆ ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಹೊಲದಿಂದ ಬಂದವರ ಸ್ವೆಟರಿಗೆ ತೋಳೇ ಇರಲಿಲ್ಲ! ಕುಡುಗೋಲಿನಲ್ಲಿ ಕುಯ್ದು, ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದು ಬಂದಿದ್ದರು. ದಾರಿಯಲ್ಲಿ ಒಂದು ತೋಳಿನ ನೂಲು ಬೇಲಿಯ ಮುಳ್ಳಿಗೆ ತಗುಲಿತ್ತು. ಮಾವ ಮುಂದೆ ಮುಂದೆ ಬಂದ ಹಾಗೆ ತೋಳು ಹಿಂದೆ ಹಿಂದೆ ಬಿಚ್ಚಿಕೊಳ್ಳುತ್ತಾ ಹೋಗಿ, ಮನೆ ಮುಟ್ಟುವಾಗ ಮೊಣಕೈವರೆಗೆ ಮಾತ್ರ ಉಳಿದಿತ್ತು.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ರಾಗಿ ತೆನೆ ಅನ್ಕಂಡ್ರಾ ಕುಡ್ಗೋಲಲ್ಲಿ ಕುಯ್ಯಕ್ಕೆ?" ಎಂದು ಅತ್ತೆ ಹಣೆ ಬಡಿದುಕೊಂಡರು. ನಮ್ಮ ಯಜಮಾನರನ್ನು ಓಡಿಸಿದರು: "ಓಗ್ಲಾ, ಬೇಲಿಗಂಟ ಓಗಿ ದಾರವ ಸುತ್ಕಂಡು ಬಾ." ಇವರು ಕೋಲೊಂದಕ್ಕೆ ನೂಲು ಸುತ್ತುತ್ತಾ ಊರ ಬೀದಿಯಲ್ಲಿ ಬಂದ ಚಂದವನ್ನು ಈಗಲೂ ನೆನೆದು ನಗುತ್ತೇನೆ.

"ಚಳಿಯಾಗಲ್ವಾ ಮಾವ?" ಅಂದೆ.

"ಗೇಯೋ ಕೈಗೆ ಚಳಿ ಆದದಾ? ಕೂಸ್ನ ತೊಟ್ಲಿಂದ ಇಳ್ಸವ್ವ ಮೊದ್ಲು."

ಆಪಾ ಬಾಯಿಗೆ ಸೆರಗಿಟ್ಟು ನಕ್ಕು, ಉಳಿದದ್ದರಲ್ಲೇ ಹೊಲಿದುಕೊಟ್ಟರು. ಎಲಾಸ್ಟಿಕ್ಕಿನ ಒಳಗೆ ತಮ್ಮ ಬೆರಳು ತೂರಿಸಿ, ಮಗುವಿನ ತೊಡೆಗೆ ಬಿಗಿಯಾಗುವುದಿಲ್ಲ ಎಂದು ನೋಡಿದ ಮೇಲೆಯೇ ಕೈಗೆ ಕೊಟ್ಟದ್ದು. ಬಲಗಾಲಿಗೆ ತೊಡೆಯವರೆಗೆ, ಎಡಗಾಲಿಗೆ ಮೊಣಕಾಲು ಮುಚ್ಚುವಷ್ಟಕ್ಕೆ. ಆ ಉದ್ದ-ಗಿಡ್ಡದ ಜೋಡಿ ತೊಟ್ಟು ಮಂಜುಳ ಮಾವನ ಹಿಂದೆ ಮನೆಯೆಲ್ಲ ಹರಿದಾಡಿದಳು. ಕೆಮ್ಮೂ ಬಿಟ್ಟಿತು. ಗಿಡ್ಡ ಕಾಲನ್ನು ಮುಂದೆ ಕರು ತಿಂದಿತು, ಆ ಮಾತು ಬೇರೆ. ಮಾವ ತೋಳಿಲ್ಲದ ಸ್ವೆಟರನ್ನು ಕಡೆಯವರೆಗೂ ತೊಟ್ಟರು.

ಅವರು ಹೋದ ಮೇಲೆ ಆ ಸ್ವೆಟರು ಯಜಮಾನರ ಪಾಲಿಗೆ ದೇವರಾಯಿತು. ನಾವು ಚಾಮರಾಜನಗರಕ್ಕೆ ಮನೆ ಮಾಡಿದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ವರ್ಷಕ್ಕೊಮ್ಮೆ ಬಿಸಿಲು ಕಾಣಿಸಿ, ಮಡಚಿ, ಗುಳಿಗೆ ಹಾಕಿ ಇಡುತ್ತಾರೆ. ನಾನು ಮುಟ್ಟಿದರೆ ಮುಖ ಊದುತ್ತದೆ.

ಈಗ ಮಂಜುಳಳ ಕೂಸೂ ಅಂಬೆಗಾಲಿಗೆ ಬಂದಿದೆ. ಅಂಗಡಿಯಿಂದ ತಂದ, ಪಾದ ಮುಚ್ಚುವ ಪ್ಯಾಂಟು ತೊಡಿಸಿದರೆ ನಮ್ಮ ಟೈಲ್ಸ್ ನೆಲದ ಮೇಲೆ ಕಾಲು ಜಾರಿ, ಇದ್ದಲ್ಲೇ ಈಜು ಹೊಡೆದು ಅಳುತ್ತದೆ. ಬಿಚ್ಚಿದರೆ ನೆಗಡಿ. ನನ್ನ ಹಳೇ ಕಾಲ್ಚೀಲ ಕತ್ತರಿಸಿ ಹೊಲಿದು ನೋಡಿದೆ, ಎರಡು ಹೆಜ್ಜೆಗೆ ಇಳಿದುಹೋಯಿತು. ಕಡೆಗೆ ಮೆಲ್ಲಗೆ ಅಂದೆ, "ಆ ಸ್ವೆಟರಿನ ಮೈಯಲ್ಲಿ ಒಂದು ಜೊತೆ ಆಗ್ತದೆ."

"ಅದ ಮಾತ್ರ ಮುಟ್ಬ್ಯಾಡ," ಅಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ನಿಮ್ಮಪ್ಪನ ಪಂಚೆ ಒಂದಾದರೂ ಉಳಿದಿದೆಯಾ ಹೇಳಿ? ಎಲ್ಲಾ ಹರಿದು ಮೊಮ್ಮಕ್ಕಳಿಗೆ ಲಂಗೋಟಿ ಮಾಡ್ಲಿಲ್ವಾ? ಹಿರಿಯರ ಬಟ್ಟೆ ಕೂಸಿನ ಮೈಮೇಲೆ ಸವೀಬೇಕು ಅಂತಿದ್ದದ್ದು ಅವರೇ ತಾನೆ?"

ಇವರು ಪೇಪರಿನ ಪುಟ ಮಗುಚಿದರು. ಹೇಳಿದ್ದು ಹೆಚ್ಚಾಯಿತೇನೋ ಎಂದು ನನಗೇ ಸಂಕಟವಾಯಿತು. ನಿಜ ಹೇಳಲೇ? ಕತ್ತರಿ ಹಾಕಲು ನನಗೂ ಮನಸ್ಸಿರಲಿಲ್ಲ.

ಮರುದಿನ ಕಾಫಿ ಕುಡಿದು ನೋಡುತ್ತೇನೆ, ಹೊಲಿಗೆ ಮೆಷಿನ್ನಿನ ಮೇಲೆ ಸ್ವೆಟರು ಕೂತಿದೆ, ಪಕ್ಕದಲ್ಲಿ ಇವರು ನಿಂತಿದ್ದಾರೆ.

"ಮೊದ್ಲು ಹೊಲಿಗೆ ಹಾಕು, ಆಮೇಲೆ ಕತ್ರಿ," ಅಂದರು. "ಇನ್ನೊಂದು ಸಲ ಬೇಲಿಗಂಟ ಓಗಕ್ಕೆ ನನ್ ಕೈಲಾಗದಿಲ್ಲ."

ಒಳಮೈ ಹೊರಗೆ ಮಾಡಿ, ಕಂಕುಳ ಕೆಳಗೆ ಸುತ್ತ ಹೊಲಿದು ಕುತ್ತಿಗೆಯ ಭಾಗ ಬೇರೆ ಮಾಡಿ, ನಡುವೆ ಉದ್ದಕ್ಕೆ ಎರಡು ಸಾಲು ಹೊಲಿಗೆ ಹಾಕಿದೆ. ಆ ಸಾಲುಗಳ ಮಧ್ಯೆ ಕತ್ತರಿ ಇಡುವಾಗ ನಾನು ಕಣ್ಣು ಮುಚ್ಚಿಕೊಂಡದ್ದರಿಂದ ಸ್ವಲ್ಪ ಸೊಟ್ಟಗಾಗಿದೆ. ಇರಲಿ, ನಮ್ಮ ಮನೆಯ ಜೋಡಿ ಎಂದಾದರೂ ಸಮವಾಗಿತ್ತೇ? ಎಲಾಸ್ಟಿಕ್ ಹಾಕಿ, ಕೂಸಿನ ಕಾಲಿಗೆ ಏರಿಸಿ ನೆಲಕ್ಕೆ ಬಿಟ್ಟೆ. ಉಣ್ಣೆ ಟೈಲ್ಸಿನ ಮೇಲೆ ಹಿಡಿತ ಕೊಟ್ಟು ಮೊಣಕಾಲು ಜಾರಲಿಲ್ಲ, ಬರಿಪಾದದ ಬೆರಳು ನೆಲ ಒತ್ತಿದವು. ಅದು ಸೀದಾ ಹೋದದ್ದು ಅದರ ತಾತನ ಹಿಂದೆ.

ಮೆಷಿನ್ನಿನ ಮೇಲೆ ಸ್ವೆಟರಿನ ಕುತ್ತಿಗೆ ಭಾಗ ಮಾತ್ರ ಉಳಿದಿತ್ತು. ಇವರು ಅದನ್ನೆತ್ತಿ ಕೊರಳಿಗೆ ಹಾಕಿಕೊಂಡು ಹಾಲು ತರಲು ಹೊರಟರು. ಬಂದ ಮೇಲೆ, "ಕೊಡಿ, ಗುಳಿಗೆ ಹಾಕಿ ಬೀರುವಿನಲ್ಲಿ ಇಡ್ತೀನಿ," ಅಂದೆ.

"ಬೀರು ಯಾಕೆ?" ಅಂದರು, ಕೂಸನ್ನು ಎತ್ತಿಕೊಳ್ಳುತ್ತಾ. "ಇದ್ರಲ್ಲಿ ಕೂಸ್ಗೆ ಒಂದು ಟೋಪಿ ಆಯ್ತದೆ. ಹೊಲಿ."