ಮಾವ ಬರೆದ ಮೂವತ್ತು

ರಸ್ತೆ ಇಲಾಖೆಯಲ್ಲಿ ಬೋರ್ಡು ಬರೆಯುತ್ತಿದ್ದ ನನ್ನ ಸೋದರಮಾವನಿಗೆ ಅಂಕಿಗಳ ಮೇಲಿರುವ ಭಕ್ತಿ ಅತ್ತೆಯ ಮೇಲೂ ಇಲ್ಲ. ಊಟಕ್ಕೆ ಕೂತರೂ ಉಗುರಿನಲ್ಲಿ ಕಪ್ಪು ಬಣ್ಣ. ಮೂವತ್ತನಾಲ್ಕು ವರ್ಷದಲ್ಲಿ ಒಂದು ತಪ್ಪೂ ಬರೆದವನಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು.

ನಾನು ಶಾಲೆಯ ವ್ಯಾನ್ ಓಡಿಸುವವಳು. ಕೆರೆಯ ಪಕ್ಕದ ನೇರ ರಸ್ತೆಯಲ್ಲಿ ಮನೆಯಿಲ್ಲ, ಮಠವಿಲ್ಲ, ಒಂದು ತಿರುವೂ ಇಲ್ಲ; ವೇಗದ ಮಿತಿ ಮಾತ್ರ ಮೂವತ್ತು. ಅಲ್ಲೇ ಮರದ ಮರೆಯಲ್ಲಿ ಪೊಲೀಸಪ್ಪ ಸ್ಪೀಡ್ ಗನ್ ಹಿಡಿದು ನಿಂತಿರುತ್ತಾನೆ. ಖಾಲಿ ವ್ಯಾನಿನಲ್ಲಿ ನಲವತ್ತೆರಡಕ್ಕೆ ಹೋಗಿ ಮೂರನೇ ಸಲ ಸಿಕ್ಕಿಬಿದ್ದೆ. ಲೈಸೆನ್ಸ್ ಆರು ತಿಂಗಳು ಅಮಾನತು, ಹೇಳುವುದೇನಾದರೂ ಇದ್ದರೆ ಸೋಮವಾರ ಆರ್‌ಟಿಒ ಕಚೇರಿಗೆ ಬನ್ನಿ ಎಂದು ನೋಟಿಸು ಬಂತು. ಲೈಸೆನ್ಸ್ ಹೋದರೆ ಕೆಲಸವೂ ಹೋದ ಹಾಗೆ. ನನಗೆ ಅಳುವೇ ಬಂತು.

ಮಾವ ಸಮಾಧಾನ ಹೇಳುವುದು ಬಿಟ್ಟು ಉಪದೇಶಕ್ಕೆ ಕೂತರು. ಮಿತಿ ಇಡುವವರೇನು ತಲೆಕೆಟ್ಟವರೇ, ಅಳೆದು ತೂಗಿ ಇಟ್ಟಿರುತ್ತಾರೆ ಎಂದು ಅರ್ಧ ಗಂಟೆ ಕೊರೆದರು. ಆಮೇಲೆ ಯಾವ ರಸ್ತೆ ಎಂದು ಕೇಳಿದರು. ಹೇಳಿದೆ. ಮಾವ ಉಗುರಿನ ಬಣ್ಣ ಕೆರೆಯತೊಡಗಿದರು.

ಕೊನೆಗೆ ವಿಷಯ ಹೊರಬಿತ್ತು. ಹದಿನಾರು ವರ್ಷದ ಹಿಂದೆ ಆ ಬೋರ್ಡಿಗೆ ಐವತ್ತು ಎಂದು ಬರೆಯಲು ಹೋದಾಗ ಐದರ ತಗಡಿನ ಅಚ್ಚು ಮುರಿದಿತ್ತಂತೆ. ಸದ್ಯಕ್ಕೆ ಇರಲಿ, ನಾಳೆ ತಿದ್ದಿದರಾಯಿತು ಎಂದು ಮೂರರ ಅಚ್ಚಿಟ್ಟು ಬಳಿದು ಬಂದರಂತೆ. ಆ ನಾಳೆ ಇನ್ನೂ ಬಂದಿರಲಿಲ್ಲ. ತಪ್ಪಿಲ್ಲದ ಮೂವತ್ತನಾಲ್ಕು ವರ್ಷದಲ್ಲಿ ಈ ಬೋರ್ಡನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ. ನಿವೃತ್ತಿಗೆ ಎರಡು ತಿಂಗಳಿತ್ತು, ಇದ್ದದ್ದು ಅದೊಂದೇ ಹೆಮ್ಮೆ. ಯಾರಿಗೂ ಹೇಳಬೇಡಿ, ನೀವು ಸುಮ್ಮನಿರಿ ಮಾವ ಎಂದೆ.

ಸೋಮವಾರ ಕಚೇರಿಗೆ ಹೋಗಿ ನೋಡಿದರೆ ಮಾವ ಇಸ್ತ್ರಿ ಅಂಗಿ ತೊಟ್ಟು ನನಗಿಂತ ಮೊದಲೇ ಬಂದು ಕೂತಿದ್ದಾರೆ. ಆರ್‌ಟಿಒ ಸಾಹೇಬರು ರಸ್ತೆಯ ಫೈಲು ತರಿಸಿದರು. ಅದರಲ್ಲೂ ಮೂವತ್ತೇ ಇತ್ತು. ಯಾವ ಆಧಾರದ ಮೇಲೆ ಎಂದು ವಿಚಾರಿಸಿದರೆ, ಗುಮಾಸ್ತರು ಬೋರ್ಡು ನೋಡಿ ಬರೆದುಕೊಂಡಿದ್ದರಂತೆ. ಮಾವ ಎದ್ದು ನಿಂತರು.

"ಸಾರ್, ಆ ಮೂವತ್ತು ಯಾರೂ ಇಟ್ಟಿದ್ದಲ್ಲ. ನಾನು ತಪ್ಪು ಬರೆದಿದ್ದು."

ಕುಂಚದ ಡಬ್ಬಿಯಿಂದ ಹಳೆಯ ಆದೇಶದ ಚೀಟಿ ತೆಗೆದಿಟ್ಟರು. ಐವತ್ತು ಎಂದಿತ್ತು, ಸೀಲು ಸಮೇತ. ಹದಿನಾರು ವರ್ಷ ಜೋಪಾನ ಮಾಡಿದ್ದರು, ಪಾಪ.

ನನ್ನ ಲೈಸೆನ್ಸ್ ಉಳಿಯಿತು. ಮಾವನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಕೆಲಸದ ಕೊನೆಯ ದಿನ ತಾವೇ ಏಣಿ ಹತ್ತಿ ಮೂರನ್ನು ಅಳಿಸಿ ಐದು ಬರೆದರು.

ವಾಪಸು ಬರುವಾಗ ಸ್ಕೂಟರಿನಲ್ಲಿ ಮುಂದೆ ಅವರು, ವ್ಯಾನಿನಲ್ಲಿ ಹಿಂದೆ ನಾನು. ಎಷ್ಟು ಹಾರ್ನ್ ಹೊಡೆದರೂ ಮೂವತ್ತು ದಾಟಲಿಲ್ಲ. ಈಗ ಐವತ್ತಿದೆಯಲ್ಲ ಮಾವ ಎಂದು ಮನೆಗೆ ಬಂದು ಕೇಳಿದೆ.

"ಇದೆಯಮ್ಮ. ಆದ್ರೆ ಆ ಬೋರ್ಡು ಬರೆದೋನು ಯಾರು ಅಂತ ನನಗೆ ಗೊತ್ತಲ್ಲ," ಎಂದರು.